ಎಡಸೀಟಿನ ಕೆಳಗಿನ ತಗಡು

ತಪಾಸಣೆಯ ಅಧಿಕಾರಿ ಕಾರಿನ ಎಡಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಅಂಗೈ ಊರಿದವನು ಚೇಳು ಕುಟುಕಿದಂತೆ ಕೈ ಎಳೆದುಕೊಂಡ. ಎಂಜಿನ್ ಶುರುವಾಗಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

"ಏನಮ್ಮಾ ಇದು? ಇದರ ಮೇಲೆ ನೀವು ಬಟ್ಟೆ ಇಸ್ತ್ರಿ ಮಾಡಬಹುದು" ಎಂದ ನನ್ನ ಕಡೆ ನೋಡಿ. ನಾನು ದರ್ಜಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಕೊರಳಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪು ಹೇಳಿರಬೇಕು. ಅದನ್ನು ತೆಗೆದಿಟ್ಟು ಮನೆ ಬಿಡುವ ಅಭ್ಯಾಸ ನನಗಿಲ್ಲ.

ನನ್ನ ಗಂಡ ನಗಲಿಲ್ಲ. "ಸೈಲೆನ್ಸರ್ ಪೈಪು ಸರಿಯಾಗಿ ಆ ಜಾಗದ ಕೆಳಗೇ ಹೋಗುತ್ತೆ ಸಾರ್. ಶಾಖ ತಡೆಯೋಕೆ ತಗಡಿನ ಶೀಲ್ಡ್ ಮಾಡಿ ಹಾಕ್ತೀನಿ" ಎಂದರು.

"ಹಾಕ್ಕೊಂಡು ಶನಿವಾರ ಬನ್ನಿ. ಇಪ್ಪತ್ತು ನಿಮಿಷ ಎಂಜಿನ್ ಓಡಿದ ಮೇಲೂ ನಾನು ಇಲ್ಲಿ ಆರಾಮಾಗಿ ಕೈ ಇಡೋ ಹಾಗಿರಬೇಕು. ಶನಿವಾರ ತಪ್ಪಿದ್ರೆ ಇನ್ನು ಮುಂದಿನ ತಿಂಗಳೇ."

ಮುಂದಿನ ತಿಂಗಳು ಎಂಬುದು ನಮಗೆ ಇರಲಿಲ್ಲ. ಬರುವ ಸೋಮವಾರ ಗಂಡನ ಲೈಸೆನ್ಸ್ ನವೀಕರಣ. ಅದಕ್ಕೆ ಕಣ್ಣಿನ ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಯಲ್ಲಿ ಅವರು ಪಾಸಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಒಂಬತ್ತು ವರ್ಷ ಕೂತು, ನಿಂತು, ಮಲಗಿ ಕಟ್ಟಿದ ಕಾರನ್ನು ರಸ್ತೆಯ ಮೇಲೆ ಓಡಿಸಲು ಆ ಮನುಷ್ಯನಿಗೆ ಉಳಿದಿದ್ದು ಒಂದೇ ಒಂದು ಭಾನುವಾರ. ಅದೂ ಶನಿವಾರ ಗೆದ್ದರೆ. ಅಂದು ಮಂಗಳವಾರ.

ಬಂದ ಹಾಗೆಯೇ ಕಾರು ಟ್ರಕ್ಕಿನ ಬೆನ್ನೇರಿ ಮನೆಗೆ ಮರಳಿತು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಮೇಷ್ಟ್ರು ಇಣುಕಿದರು. ನಿವೃತ್ತರಾದ ಮೇಲೆ ಅವರಿಗಿರುವ ಏಕೈಕ ಪಾಠ ನಮ್ಮ ಮನೆ.

"ಏನಮ್ಮಾ, ಕುಂಭಕರ್ಣ ಮತ್ತೆ ಮಲಗೋಕೆ ಬಂದನಾ?"

"ಮಗ್ಗುಲು ಬದಲಾಯಿಸ್ತಿದ್ದಾನೆ ಮೇಷ್ಟ್ರೇ. ಭಾನುವಾರ ಏಳ್ತಾನೆ" ಎಂದೆ.

ಆ ಹೆಸರು ಅವರೇ ಇಟ್ಟಿದ್ದು. ನನ್ನವರು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಒಂದು ಗುಜರಿ ವ್ಯಾನಿನ ಎಂಜಿನ್, ಇನ್ನೊಂದು ಗುಜರಿ ಕಾರಿನ ಅಸ್ಥಿಪಂಜರ ತಂದು ಶೆಡ್ಡಿನಲ್ಲಿ ಹಾಕಿಕೊಂಡು, ಒಂಬತ್ತು ವರ್ಷದ ಎಲ್ಲಾ ರಜಾ ದಿನಗಳನ್ನು ಅದರ ಹೊಟ್ಟೆಗೆ ಸುರಿದಿದ್ದರು. ನಾನು ಬೈಯದ ದಿನವಿಲ್ಲ. ಆದರೆ ಸೀಟಿನ ಹೊದಿಕೆ, ಬಾಗಿಲಿನ ಒಳಬಟ್ಟೆ, ಚಾವಣಿಯ ಲೈನಿಂಗು ಎಲ್ಲಾ ಹೊಲಿದುಕೊಟ್ಟವಳೂ ನಾನೇ.

ಇನ್ನು ಆ ಕಣ್ಣಿನ ವಿಷಯ. ಆರು ವಾರದ ಹಿಂದೆ ಜೇಬು ಹರಿದ ಪ್ಯಾಂಟು ಕೊಟ್ಟು ಹೊಲಿ ಅಂದರು. ಜೇಬಿನೊಳಗೆ ಮಡಿಸಿದ ಒಂದು ಕಾಗದ ಇತ್ತು. ಕಣ್ಣಿನ ಆಸ್ಪತ್ರೆಯದು. ಎರಡು ವೃತ್ತಗಳು. ಎಡಗಣ್ಣಿನ ವೃತ್ತ ಮುಕ್ಕಾಲು ಕಪ್ಪು. ಬಲಗಣ್ಣಿನದನ್ನೂ ಒಂದು ಅಂಚಿನಿಂದ ಕಪ್ಪು ತಿನ್ನುತ್ತ ಬಂದಿತ್ತು. ಅದನ್ನು ನನ್ನ ಗಿರಾಕಿಯಾದ ಒಬ್ಬ ನರ್ಸಿಗೆ ತೋರಿಸಿದೆ. "ಕಪ್ಪಾಗಿರೋ ಕಡೆ ದೃಷ್ಟಿ ಇಲ್ಲ ಅಂತ. ಇವರಿಗೆ ಎಡಗಡೆಯಿಂದ ಬರೋದು ಕಾಣ್ಸಲ್ಲ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೋಬೇಕು. ಗಾಡಿ ಗೀಡಿ ಓಡಿಸ್ತಾರಾ?" ಎಂದು ಕೇಳಿದಳು. "ಇಲ್ಲ" ಎಂದು ಸುಳ್ಳು ಹೇಳಿದೆ. ಕಾಗದ ಮಡಿಸಿ ಹೊಸ ಜೇಬಿನಲ್ಲಿಟ್ಟೆ. ಅವರೇ ಬಾಯಿ ಬಿಡಲಿ ಎಂದು ಕಾದೆ. ಬಿಡಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಹಾಗೆ ನೋಡಿದರೆ ಆರು ವಾರದಲ್ಲಿ ನಮ್ಮ ಮನೆ ಚಿನ್ನದ ಗಣಿಯಾಗಿತ್ತು.

ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನನ್ನ ಅಮ್ಮ ಬೈಯುತ್ತಿದ್ದಳು. ಆ ವಾರವಂತೂ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಮಿಷನ್ನಿನಿಂದ ಎದ್ದು ಕಿಟಕಿಗೆ, ಕಿಟಕಿಯಿಂದ ಶೆಡ್ಡಿಗೆ, ಅಲ್ಲಿಂದ ಮತ್ತೆ ಮಿಷನ್ನಿಗೆ. ಅವರು ಓಡಿಸಲಿ ಎಂದು ಒಂದು ಮನಸ್ಸು. ಓಡಿಸಿದರೆ, ಎಡಗಡೆಯಿಂದ ಯಾವುದೋ ಮಗು ಸೈಕಲ್ ತಳ್ಳಿಕೊಂಡು ಬಂದರೆ ಎಂದು ಇನ್ನೊಂದು ಮನಸ್ಸು. ಎಡಗಡೆ ನಾನು ಕೂತಿರುತ್ತೇನಲ್ಲ, ಬಾಯಿ ಇದೆಯಲ್ಲ ನನಗೆ, ಕೂಗಿ ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನ ಒಂದು ತೋಳು ಹೊಲಿಯುವಷ್ಟು ಹೊತ್ತೂ ಬಾಳುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಕಾರನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದರು. "ನೀನೇ ಒಳಗೆ ನುಗ್ಗು. ನಿನಗೆ ಜಾಗ ಸಾಕು" ಎಂದರು. ನಾನು ಕುಳ್ಳಿ. ನಮ್ಮ ಡೆಲಿವರಿ ವ್ಯಾನು ಓಡಿಸುವಾಗ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡರೆ ಮಾತ್ರ ಕ್ಲಚ್ಚಿಗೆ ಕಾಲು ಎಟಕುವಷ್ಟು ಕುಳ್ಳಿ. ಶಾಲೆಗಳಿಗೆ ಸಮವಸ್ತ್ರ ಹೊಲಿದು, ಆ ವ್ಯಾನಿನಲ್ಲಿ ನಾನೇ ತಲುಪಿಸುತ್ತೇನೆ. "ಇವಳು ಗೇರ್ ಹಾಕಲ್ಲ, ಅಗೀತಾಳೆ" ಎಂದು ಗಂಡ ಎಲ್ಲರ ಮುಂದೂ ಆಡಿಕೊಳ್ಳುತ್ತಾರೆ.

ಮೊದಲು ರಟ್ಟಿನಲ್ಲಿ ಮಾದರಿ ಮಾಡಬೇಕು, ಆಮೇಲೆ ಅದರಂತೆ ಅಲ್ಯೂಮಿನಿಯಂ ತಗಡು. ರಟ್ಟು ನನ್ನ ಕೆಲಸ, ತಗಡು ಅವರದು. ಅಂಗಿಯ ಡಬ್ಬಗಳನ್ನು ಬಿಚ್ಚಿ ಹಾಳೆ ಮಾಡಿಕೊಂಡು ಕಾರಿನ ಕೆಳಗೆ ಮಲಗಿದೆ. ಕಾಲಿಡುವ ಜಾಗದ ಅಡಿಯಲ್ಲಿ ಪೈಪು ಎಂಜಿನ್ನಿನಿಂದ ಇಳಿದು, ಮೊಣಕೈ ಮಡಚಿ ಹಿಂದಕ್ಕೆ ಹೋಗಿತ್ತು.

ಅವರು ಹೊರಗೆ ಕುಕ್ಕರುಗಾಲಿನಲ್ಲಿ ಕೂತು ಹೇಳಿದರು: "ಪೈಪಿಗೂ ತಗಡಿಗೂ ಮಧ್ಯೆ ಎರಡು ಬೆರಳು. ತಗಡಿಗೂ ಕಾರಿನ ತಳಕ್ಕೂ ಮಧ್ಯೆ ಒಂದು ಬೆರಳು. ಎಲ್ಲೂ ಅಂಟಬಾರದು, ತಾಗಬಾರದು. ಶಾಖ ತಡೆಯೋದು ತಗಡಲ್ಲ ಕಣೆ, ಮಧ್ಯದಲ್ಲಿ ಓಡಾಡೋ ಗಾಳಿ."

"ಸಡಿಲ ಅಂಗಿ ಅನ್ನಿ."

"ಹಾಂ. ಸಡಿಲ ಅಂಗಿ."

ರಟ್ಟನ್ನು ಪೈಪಿನ ಬಾಗಿಗೆ ಹಿಡಿದು, ಉಬ್ಬಿದ ಕಡೆ ಸೀಳಿ, ಒಂದರ ಮೇಲೊಂದು ತಂದು ಅಂಟಿಸಿದೆ. ಕೋಟಿನ ಎದೆಗೆ ಹೀಗೇ ಮಾಡುವುದು. ಗೆರೆ ಹಾಕಿದೆ, ಬೋಲ್ಟು ಬರುವ ಕಡೆ ಗುರುತು ಹಾಕಿದೆ, ಮಿಷನ್ನಿನ ಮೇಜಿಗೆ ಒಯ್ದು ಕತ್ತರಿಸಿದೆ. ಕತ್ತರಿ ತಾನಾಗಿ ಗೆರೆಯ ಹೊರಗೆ ಓಡಿತು. ಗೆರೆಯ ಮೇಲೇ ಕತ್ತರಿ ಇಡುವವಳು ದರ್ಜಿಯೇ ಅಲ್ಲ ಎಂದು ನನಗೆ ಹೊಲಿಗೆ ಕಲಿಸಿದ ಚಿಕ್ಕಮ್ಮ ಹೇಳುತ್ತಿದ್ದಳು.

ನಿಜ ಹೇಳುತ್ತೇನೆ. ಕತ್ತರಿ ಕೈಯಲ್ಲಿದ್ದಾಗ ಒಂದು ಕೆಟ್ಟ ಯೋಚನೆ ಬಂತು. ಒಂದು ಕಡೆ ಸ್ವಲ್ಪ ತಪ್ಪಿಸಿದರೆ ಸಾಕು, ಶನಿವಾರ ಕೈ ತಪ್ಪುತ್ತದೆ, ಭಾನುವಾರ ಇರುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ. ಯಾರ ಮೇಲೂ ತಪ್ಪು ಬರುವುದಿಲ್ಲ. ರಟ್ಟು ಹಿಡಿದುಕೊಂಡು ನಿಂತೇ ಇದ್ದೆ. ಶೆಡ್ಡಿನಿಂದ ಅವರು ಸಿಳ್ಳೆ ಹಾಕುವುದು ಕೇಳಿಸಿತು. ತಾಳವಿಲ್ಲದ, ರಾಗವಿಲ್ಲದ ಸಿಳ್ಳೆ. ಖುಷಿಯಾದಾಗ ಮಾತ್ರ ಹಾಕುತ್ತಾರೆ. ನನ್ನಿಂದ ಆಗಲಿಲ್ಲ. ಸರಿಯಾಗಿ ಕತ್ತರಿಸಿ ಕೊಟ್ಟೆ.

ಗುರುವಾರ ಇಡೀ ದಿನ ಸುತ್ತಿಗೆಯ ಸದ್ದು. ಮರಳಿನ ಚೀಲದ ಮೇಲೆ ತಗಡಿಟ್ಟು, ಮರದ ಕೊಡತಿಯಿಂದ ಬಡಿದು ಬಡಿದು ಬಾಗು ತಂದರು. ಅಂಚು ಕೈ ಕೊಯ್ಯಬಾರದು, ಗಾಳಿಗೆ ಅಲುಗಾಡಬಾರದು ಎಂದು ಸುತ್ತಲೂ ಮಡಿಚಿದರು. ಎರಡು ಮರದ ಪಟ್ಟಿಗಳ ನಡುವೆ ತಗಡು ಬಿಗಿದು ಇಷ್ಟಿಷ್ಟೇ ಬಾಗಿಸುವ ಕೆಲಸ. ನೋಡುತ್ತ ನಿಂತರೆ ನನಗೆ ತಲೆ ಸಿಡಿಯುತ್ತದೆ. ನಾನಾಗಿದ್ದರೆ ಒಂದೇ ಏಟಿಗೆ ಮಡಿಚಿ ಮುರಿದಿರುತ್ತಿದ್ದೆ.

"ಬೇಗ ಆಗಲ್ವೇನ್ರೀ?"

"ಆತುರಗಾರನಿಗೆ ಬುದ್ಧಿ ಮಟ್ಟ" ಎಂದರು ತಲೆ ಎತ್ತದೆ. ಆಮೇಲೆ ಎಡಗೈಯಿಂದ ಪೆನ್ಸಿಲ್ ತಡಕಾಡಿದರು. ಅದು ಅವರ ಎಡಕ್ಕೇ, ಗೇಣು ದೂರದಲ್ಲಿ ಇತ್ತು. ನಾನು ಅದನ್ನು ಮೆಲ್ಲಗೆ ಅವರ ಬೆರಳಿಗೆ ತಳ್ಳಿದೆ. ಅವರು ಎತ್ತಿಕೊಂಡು ಗುರುತು ಹಾಕಿದರು. ಕೊರಳಿನ ಟೇಪು ತೆಗೆದು ಸುಮ್ಮನೆ ಸುತ್ತುತ್ತ ನಿಂತೆ. ಅದರ ಮೇಲೆ ಎರಡು ಕಡೆ ಹಳೆಯ ಗ್ರೀಸಿನ ಬೆರಳಚ್ಚು ಇದೆ. ನಾಲ್ಕು ತಿಂಗಳ ಹಿಂದೆ ನಾನು ಮಿಷನ್ನಿನ ಮುಂದೆ ಕೂತಿದ್ದಾಗ ಬಂದು, "ನೆಟ್ಟಗೆ ಕೂತ್ಕೋ, ಎಡಸೀಟು ನಿನ್ನ ಅಳತೆಗೆ ಮಾಡ್ಬೇಕು" ಎಂದು ಬೆನ್ನಿನಿಂದ ಹಿಮ್ಮಡಿಯವರೆಗೆ ಅಳೆದಿದ್ದರು. ಬಟ್ಟೆ ಅಳೆಯುವ ಟೇಪಿಗೆ ಗ್ರೀಸ್ ಮೆತ್ತಿದ್ದಕ್ಕೆ ಅಂದು ಮನೆ ಹಾರಿಹೋಗುವಂತೆ ಕೂಗಾಡಿದ್ದೆ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ತಗಡು ಕಾರಿನ ಕೆಳಗೆ ಕೂತಿತ್ತು. ನಾನು ಒಂದು ಶಾಲೆಯ ಚಡ್ಡಿಗಳಿಗೆ ಗುಂಡಿ ಹಾಕುತ್ತಿದ್ದೆ. ಎಂಜಿನ್ ಶುರುವಾದ ಸದ್ದು ಬಂತು. ಮೊದಲು ಚೆನ್ನಾಗಿತ್ತು. ಅವರು ಆಕ್ಸಿಲರೇಟರ್ ಒತ್ತಿದ್ದೇ ತಡ, ಜರ್ರ್ ಎಂದು ಹಲ್ಲು ಮಸೆದ ಹಾಗೆ ಸದ್ದು. ಬಿಟ್ಟರು, ನಿಂತಿತು. ಒತ್ತಿದರು, ಮತ್ತೆ ಜರ್ರ್. ನಾನು ಚಡ್ಡಿ ಬಿಸಾಕಿ ಓಡಿದೆ.

ಅವರು ಮಂಡಿಯೂರಿ ಕಾರಿನ ಕೆಳಗೆ ಇಣುಕುತ್ತಿದ್ದರು. "ಎಲ್ಲೋ ತಾಗ್ತಿದೆ. ಎಲ್ಲಿ ಅಂತ ಕಾಣ್ತಿಲ್ಲ."

ಎಂಜಿನ್ ನಿಲ್ಲಿಸಿ, ಟಾರ್ಚು ಹಿಡಿದು ನುಗ್ಗಿದೆ. ಕಾಣದೇ ಇರಲು ಅದೇನು ಸೂಜಿಯ ಕಣ್ಣಾಗಿರಲಿಲ್ಲ. ತಗಡಿನ ಎಡ ಅಂಚು ಪೈಪಿನ ಮೊಣಕೈಗೆ ಒರಗಿಕೊಂಡೇ ಇತ್ತು. ಎರಡು ಬೆರಳಲ್ಲ, ಒಂದು ಕಾಗದವೂ ತೂರುತ್ತಿರಲಿಲ್ಲ. ತಿಕ್ಕಿದ ಕಡೆ ಫಳಫಳ ಹೊಳೆಯುತ್ತಿತ್ತು. ಕಣ್ಣಿದ್ದ ಯಾರೇ ಆದರೂ ಕೂರಿಸುವಾಗಲೇ ನೋಡಿಬಿಡುತ್ತಿದ್ದರು.

"ಎಡ ಅಂಚು ರೀ. ಪೈಪಿಗೆ ತಾಗಿದೆ. ಎಡ ಮಾತ್ರ ಅಲ್ಲ, ಸುತ್ತಲೂ ದೊಡ್ಡದಾಗಿದೆ."

"ಹೇಗೆ ದೊಡ್ಡದಾಗುತ್ತೆ? ನಿನ್ನ ರಟ್ಟಿನ ಮೇಲೇ ಗೆರೆ ಎಳೆದಿದ್ದು. ಮಡಿಚೋಕೆ ಅರ್ಧ ಇಂಚು ಬಿಟ್ಟು ಕತ್ತರಿಸ್ದೆ."

ನಾನು ಕಾರಿನ ಕೆಳಗಿನಿಂದ ಹೊರಗೆ ಬಂದೆ. "ನೀವೂ ಬಿಟ್ರಾ?"

"ನೀವೂ ಅಂದ್ರೆ?"

"ಮಡಿಚೋಕೆ ಅರ್ಧ ಇಂಚು ನಾನು ರಟ್ಟಿನಲ್ಲೇ ಬಿಟ್ಟಿದ್ದೆ."

"ಹೇಳಬೇಕಿತ್ತಲ್ಲೇ!"

"ಕೇಳಬೇಕಿತ್ತಲ್ರೀ!"

ಅವರು ಕೈಯೊರೆಸುವ ಬಟ್ಟೆಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು, "ಬೇಕಂತ ಮಾಡಿದ್ಯಾ?"

"ಬೇಕಂತ ಯಾಕ್ರೀ ಮಾಡ್ಲಿ?"

"ನಾನು ಓಡಿಸಬಾರ್ದು ಅಂತ."

ಕೈಯಲ್ಲಿದ್ದ ಟಾರ್ಚು ಆರಿಸಿದೆ.

"ಆ ಕಾಗದನ ನಾನು ನಾಲ್ಕಾಗಿ ಮಡಿಸಿದ್ದೆ" ಎಂದರು. "ಜೇಬು ಹೊಲಿದು ಬಂದಾಗ ಮೂರಾಗಿ ಮಡಿಸಿತ್ತು, ಅಂಚಿಗೆ ಅಂಚು ಕೂಡಿಸಿ. ಹಾಗೆ ಮಡಿಸೋಳು ಈ ಮನೇಲಿ ಒಬ್ಬಳೇ."

"ಗೊತ್ತಿದ್ದೂ ಸುಮ್ನಿದ್ರಾ? ಆರು ವಾರ?"

"ನೀನೂ ಸುಮ್ನಿದ್ಯಲ್ಲ."

ಅಷ್ಟೇ ಸಾಕಾಯಿತು ನನಗೆ. ಕಟ್ಟೆ ಒಡೆಯಿತು. ಏನೇನು ಕೂಗಿದೆನೋ ಎಲ್ಲಾ ನೆನಪಿಲ್ಲ. ನನಗೆ ಹೆದರಿಕೆಯಾಗಿತ್ತು ಎಂದೆ. ನೀವು ಆಸ್ಪತ್ರೆಗೆ ಒಬ್ಬರೇ ಹೋಗಿ ಕೂತಿದ್ದಿರಲ್ಲ, ಅದು ನೆನೆದಾಗಲೆಲ್ಲ ಎದೆ ಉರಿಯುತ್ತದೆ ಎಂದೆ. ರಟ್ಟು ತಪ್ಪಾಗಿ ಕತ್ತರಿಸುವ ಯೋಚನೆ ನನಗೆ ಬಂದಿದ್ದು ನಿಜ, ಆದರೆ ಮಾಡಲಿಲ್ಲ, ನಿಮ್ಮ ದರಿದ್ರ ಸಿಳ್ಳೆಯಿಂದಾಗಿ ಮಾಡಲಿಲ್ಲ ಎಂದೆ. ಕೂಗುತ್ತ ಅಳುತ್ತಿದ್ದೆನಂತೆ. ಮೇಷ್ಟ್ರ ಮನೆಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಪುಣ್ಯಾತ್ಮರು ಕೇಳಿಸಿಕೊಳ್ಳುವಷ್ಟು ಕೇಳಿಸಿಕೊಂಡೇ ಮುಚ್ಚಿದ್ದು.

"ಓಡಿಸಿ" ಎಂದೆ ಕಡೆಗೆ ಮೂಗು ಒರೆಸಿಕೊಂಡು. "ಭಾನುವಾರ ನೀವೇ ಓಡಿಸಿ. ಎಡಗಡೆ ನಾನು ನೋಡ್ತೀನಿ. ಏನೇ ಬಂದರೂ ಕೂಗ್ತೀನಿ."

"ನೀನು ಕೂಗ್ತೀಯ ಅನ್ನೋದು ಬೀದಿಗೇ ಗೊತ್ತು" ಎಂದರು. ಓಡಿಸುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ಮೊದಲು ತಗಡು. ಮಡಿಚಿದ ಅಂಚು ಕತ್ತರಿಸಿದ್ರೆ ಉಳಿದಿದ್ದು ಅದುರುತ್ತೆ. ಹೊಸದೇ ಮಾಡ್ಬೇಕು."

ಉಳಿದಿದ್ದ ತಗಡು ಒಂದು ಶೀಲ್ಡಿಗೆ ಸಾಕಾಗುವಷ್ಟು ಮಾತ್ರ ಇತ್ತು. ಎರಡನೆಯ ತಪ್ಪಿಗೆ ಜಾಗ ಇರಲಿಲ್ಲ. ಈ ಸಲ ಇಬ್ಬರೂ ಒಂದೇ ಮೇಜಿನ ಮುಂದೆ ನಿಂತೆವು. ನಾನು ರಟ್ಟನ್ನು ಗೆರೆಗೆ ಸರಿಯಾಗಿ ಕತ್ತರಿಸಿ, "ಏನೂ ಬಿಟ್ಟಿಲ್ಲ" ಎಂದು ಜೋರಾಗಿ ಹೇಳಿದೆ. ಅವರು ತಗಡಿನ ಮೇಲೆ ಗೆರೆ ಎಳೆದು, "ಅರ್ಧ ಇಂಚು ಬಿಟ್ಟಿದ್ದೀನಿ" ಎಂದು ಜೋರಾಗಿ ಹೇಳಿದರು. ಪ್ರತಿ ಗುರುತಿಗೂ ಹೀಗೇ. ಒಂದನೇ ಕ್ಲಾಸಿನ ಮಕ್ಕಳು ಮಗ್ಗಿ ಒಪ್ಪಿಸಿದಂತೆ. ಎಡಗಡೆಯ ಗೆರೆಗೆ ಬಂದಾಗ ಅವರು ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. "ಇದನ್ನ ನೀನು ಎಳಿ. ನನಗೆ ಇಲ್ಲಿ ಗೆರೆ ಹೋಗೋದು ಕಾಣಲ್ಲ" ಎಂದರು. ಅಷ್ಟು ಸುಲಭವಾಗಿ ಹೇಳಿಬಿಟ್ಟರು. ಇದನ್ನು ಹೇಳಲು ಆರು ವಾರ ಬೇಕಿತ್ತೇ ಎಂದು ಕೇಳುವ ಆಸೆಯಾಯಿತು. ನುಂಗಿಕೊಂಡು ಗೆರೆ ಎಳೆದೆ.

ದೀಪ ಹಚ್ಚುವ ಹೊತ್ತಿಗೆ ತಗಡು ಜಾಗದಲ್ಲಿ ಕೂತಿತು. ನಾನೇ ಕೆಳಗೆ ಮಲಗಿ ಸುತ್ತಲೂ ಬೆರಳಾಡಿಸಿ ನೋಡಿದೆ. ಪೈಪಿನ ಕಡೆ ಎರಡು ಬೆರಳು, ತಳದ ಕಡೆ ಒಂದು. ಎಂಜಿನ್ ಕೂಗಿತು, ತಗಡು ಕೂಗಲಿಲ್ಲ.

ಶನಿವಾರ ಅದೇ ಅಧಿಕಾರಿ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ನಿಂತ. ನನಗೆ ಅದು ಇಪ್ಪತ್ತು ವರ್ಷ. ಕಚೇರಿಯ ಅಂಗಳವನ್ನು ಎಷ್ಟು ಸುತ್ತು ಹಾಕಿದೆನೆಂದರೆ ಕಾವಲುಗಾರ ಕುರ್ಚಿ ತಂದು ಕೊಟ್ಟ. ಕೂರಲಿಲ್ಲ. ಅಧಿಕಾರಿ ಬಗ್ಗಿ ಅಂಗೈ ಇಟ್ಟ. ತೆಗೆಯಲಿಲ್ಲ. ಇನ್ನೊಂದು ಅಂಗೈಯನ್ನೂ ಇಟ್ಟ.

"ಇಸ್ತ್ರಿ ಅಂಗಡಿ ಮುಚ್ಚಿದ್ರಾ?" ಎಂದು ನಕ್ಕು, ಟಾರ್ಚು ಹಾಕಿ ಕೆಳಗೆ ನೋಡಿದ. "ಕೆಲಸ ಚೆನ್ನಾಗಿದೆ. ಯಾರು ಮಾಡಿದ್ದು?"

"ಕಟಿಂಗ್ ಇವಳದು, ಹೊಲಿಗೆ ನನ್ನದು" ಎಂದರು ನನ್ನವರು. ಅವನು ಸೀಲು ಒತ್ತಿದ.

ಭಾನುವಾರ ಬೆಳಿಗ್ಗೆ ಅವರು ಇಸ್ತ್ರಿಯ ಅಂಗಿ ಹಾಕಿಕೊಂಡು ಶೆಡ್ಡಿನ ಬಾಗಿಲು ತೆರೆದರು. ಮೇಷ್ಟ್ರು ಕಾಂಪೌಂಡಿನ ಆಚೆ ಸಿದ್ಧವಾಗಿ ನಿಂತಿದ್ದರು. ಊರು ಒಂದು ಸುತ್ತು ಹಾಕುವ ದಾರಿಯುದ್ದದ ಎಡತಿರುವುಗಳನ್ನೆಲ್ಲ ನಾನು ಮನಸ್ಸಿನಲ್ಲೇ ಎಣಿಸಿಟ್ಟುಕೊಂಡಿದ್ದೆ. ಹನ್ನೊಂದು. ಹನ್ನೊಂದು ಸಲ ಕೂಗಬೇಕು.

ಅವರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಕಾರಿನ ಮುಂದಿನಿಂದ ಸುತ್ತಿ ಬಂದರು. ನಾನು ನಿಂತಿದ್ದ ಕಡೆಗೇ ಬಂದು, ಎಡಬಾಗಿಲು ತೆಗೆದು, ಚಪ್ಪಲಿ ಬಿಚ್ಚಿ ಹೊರಗಿಟ್ಟು, ಒಳಗೆ ಕೂತರು. ಬರಿಗಾಲುಗಳನ್ನು ತಗಡಿನ ಮೇಲಿನ ಜಾಗದಲ್ಲಿ ಜೋಡಿಸಿಟ್ಟುಕೊಂಡರು. ಕೀಲಿಯನ್ನು ನನ್ನತ್ತ ಚಾಚಿದರು.

"ಏನ್ರೀ ಇದು?"

"ನಾಳೆ ಅವರು ನನ್ನ ಕೈಯಿಂದ ಕಿತ್ಕೋತಾರೆ. ಅದಕ್ಕಿಂತ ಮುಂಚೆ ನಾನೇ ಕೊಡಬೇಕು ಅನ್ನಿಸ್ತು. ಅದಕ್ಕೇ ಇವತ್ತೇ ಆಗ್ಬೇಕಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. ವಾರವಿಡೀ ನಾನು ಬೆಂದಿದ್ದೇನು, ಈ ಮನುಷ್ಯ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದೇನು! "ಮೊನ್ನೆ ಅಷ್ಟು ಕೂಗಾಡಿದೆನಲ್ಲ, ಅವತ್ತಾದ್ರೂ ಹೇಳೋಕಾಗ್ಲಿಲ್ವಾ?"

"ಅವತ್ತು ನೀನು ಓಡಿಸಿ ಅಂದೆ. ಒಂದು ಸಲ ಆಸೆ ಆಯ್ತು" ಎಂದರು. "ಎರಡು ದಿನ ಆಸೆ ಇಟ್ಕೊಂಡಿದ್ದೆ. ಸಾಕು."

"ಇರಿ, ದಿಂಬು ತರ್ತೀನಿ" ಎಂದು ಮುಖ ತಿರುಗಿಸಿದೆ.

"ಮೊದಲು ಕೂತು ನೋಡು."

ಕೂತೆ. ಬಲಸೀಟು ಮುಂದಕ್ಕೆ ಸರಿದಿತ್ತು. ಯಾವ ಕಾರಿನಲ್ಲೂ ಸರಿಯದಷ್ಟು ಮುಂದಕ್ಕೆ. ಎಡಗಾಲಿಟ್ಟು ಒತ್ತಿದೆ. ಕ್ಲಚ್ಚು ನೆಲಕ್ಕೆ ಮುಟ್ಟಿತು. ಬೆನ್ನು ಸೀಟಿಗೆ ಒರಗಿಯೇ ಇತ್ತು. ಬಗ್ಗಿ ನೋಡಿದೆ. ಸೀಟು ಜಾರುವ ಕಂಬಿಗಳನ್ನು ಉದ್ದ ಮಾಡಿ ಬೆಸೆದಿದ್ದರು. ಬೆಸುಗೆಯ ಮೇಲೆ ಬಳಿದಿದ್ದ ಬಣ್ಣದ ಮೇಲೆ ಆಗಲೇ ಧೂಳು ಕೂತಿತ್ತು. ತಿಂಗಳುಗಳ ಹಿಂದಿನ ಕೆಲಸ, ಆ ಕಾಗದ ನನ್ನ ಕೈಗೆ ಸಿಗುವುದಕ್ಕೂ ಮೊದಲಿನದು. ಕೊರಳಿನ ಟೇಪಿನ ಮೇಲೆ ನನ್ನ ಕೈ ತಾನಾಗಿ ಹೋಯಿತು, ಗ್ರೀಸಿನ ಆ ಎರಡು ಬೆರಳಚ್ಚುಗಳ ಹತ್ತಿರ. ಅವರು ಅಂದು ಅಳೆದಿದ್ದು ಎಡಸೀಟಿಗಲ್ಲ.

ಮೂಗು ಒರೆಸಿಕೊಂಡು ಕೀಲಿ ತಿರುಗಿಸಿದೆ. ಗೇರು ಕರ್ರ್ ಎಂದಿತು.

"ಅಗೀಬೇಡ. ಕುಂಭಕರ್ಣನಿಗೆ ನೋವಾಗುತ್ತೆ" ಎಂದರು. ಮೇಷ್ಟ್ರು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದರು.

"ಕಾಲು ಸುಡ್ತಿದೆಯೇನ್ರೀ?"

"ಇಲ್ಲ. ತಣ್ಣಗಿದೆ."

ಗೇಟಿನಿಂದ ಬೀದಿಗೆ ಇಳಿಯುವ ಕಡೆ ನಿಲ್ಲಿಸಿದೆ. "ಎಡಗಡೆ ಯಾರಾದ್ರೂ ಬರ್ತಿದ್ದಾರಾ ನೋಡಿ" ಎಂದೆ, ಯಾರನ್ನಾದರೂ ಪಕ್ಕ ಕೂರಿಸಿಕೊಂಡಾಗ ವ್ಯಾನಿನಲ್ಲಿ ಹೇಳುವ ಹಾಗೆ. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿದರು, ಭುಜವೂ ತಿರುಗುವಷ್ಟು. ಬೀದಿಯ ಆ ತುದಿಯವರೆಗೆ ನಿಧಾನವಾಗಿ ನೋಡಿದರು. "ಯಾರೂ ಇಲ್ಲ. ನಡಿ."

"ನಾನೂ ಒಂದ್ಸಲ ನೋಡ್ತೀನಿ" ಎಂದೆ, ಜೋರಾಗಿ.

"ನೋಡು" ಎಂದರು. ಅವರು ಸೀಟಿಗೆ ಒರಗಿ ದಾರಿ ಬಿಟ್ಟರು, ನಾನು ಅವರ ಮುಂದಿನಿಂದ ಬಗ್ಗಿ ನೋಡಿದೆ. ಯಾರೂ ಇರಲಿಲ್ಲ. ಕ್ಲಚ್ಚು ಬಿಟ್ಟೆ.